ಕರೆಂಟಿನ ಗುಂಯ್

ಎಲೆಕ್ಟ್ರಾ ಸ್ಟ್ರೀಟ್, ಅಬುಧಾಬಿ
ಮಾರ್ಚ್ 12, 2016

ಪ್ರೀತಿಯ ಆಲ್ವಿನ್ ಪುತಾ,

ಹಾಸ್ಟೆಲಿನಲ್ಲಿ ಆರೋಗ್ಯವೇ? ಕೆಮ್ಮು ಪೂರ್ತಿ ಹೋಯಿತೇ? ಮಂಗಳೂರಿನ ಸೆಕೆಗೆ ಫ್ಯಾನಿನ ಅಡಿಯಲ್ಲೇ ಮಲಗಿ ಮತ್ತೆ ತಂದುಕೊಳ್ಳಬೇಡ. ಪತ್ರ ಕಂಡು ನಿನಗೆ ಆಶ್ಚರ್ಯವಾದೀತು. ಫೋನಿನಲ್ಲಿ ಮಾತಾಡುವಾಗೆಲ್ಲ ಡ್ಯಾಡಿ ಪಕ್ಕದಲ್ಲೇ ಇರುತ್ತಾರೆ, ಅದಕ್ಕೆ ರಜೆಗೆ ಹೊರಟ ಮೊರಿಸ್ ಅಂಕಲ್ ಕೈಯಲ್ಲಿ ಇದನ್ನು ಕಳಿಸುತ್ತಿದ್ದೇನೆ.

ಡ್ಯಾಡಿಯ ಸ್ಟೀರಿಯೋಗೆಂದು ನೀನು ಹೇಳಿದ ಪವರ್ ಕಂಡೀಷನರ್ ಬಂತು. ನಾನು ಅದನ್ನು ಸ್ಟೆಬಿಲೈಸರ್ ಅಂದರೆ ಡ್ಯಾಡಿಗೆ ಎಲ್ಲಿಲ್ಲದ ಸಿಟ್ಟು. ಇದು ಕರೆಂಟಿನಲ್ಲಿರುವ ಕೊಳೆ ತೆಗೆಯುತ್ತದಂತೆ, ಆಮೇಲೆ ಸ್ಪೀಕರಿನಲ್ಲಿ ಹಾಡು ಮಾತ್ರ ಕೇಳುತ್ತದಂತೆ. ಕರೆಂಟನ್ನೂ ತೊಳೆದು ಕೊಡುವ ಕಾಲ ಬಂತಲ್ಲ ಎಂದು ನಗಾಡಿದೆ. ಅವರು ನಗಲಿಲ್ಲ. ಆಂಪ್ಲಿಫೈಯರಿನ ಪಿನ್ ತೆಗೆದು ಅದಕ್ಕೆ ಸಿಕ್ಕಿಸಿ, ಎಡಗಡೆಯ ಸ್ಪೀಕರಿಗೆ ಕಿವಿ ಇಟ್ಟು ಕೂತರು. ಗುಂಯ್ ಎನ್ನುವ ಸದ್ದು ಹೋಗಲಿಲ್ಲವಂತೆ. ಫ್ರಿಜ್ ಆಫ್ ಮಾಡಿಸಿದರು, ಮೀನೆಲ್ಲ ಹಾಳಾಯಿತು. ನಿಮ್ಮ ಜ್ಯೂಸ್ ಮಶಿನ್‌ನಿಂದಲೇ ಸದ್ದು ಎಂದು ಕೆಳಗಿನ ಕೆಫೆಟೇರಿಯದವರ ಹತ್ತಿರವೂ ಜಗಳ ಮಾಡಿ ಬಂದರು. ನನಗೆ ಆ ಸದ್ದು ಕೇಳುವುದೇ ಇಲ್ಲ. ಹಾಗಂದರೆ "ನಿನ್ನ ಕಿವಿಗೆ ತುಕ್ಕು ಹಿಡಿದಿದೆ ರೆಜಿನಾ" ಅನ್ನುತ್ತಾರೆ. ಈಗ ಹಾಡು ಹಾಕುವುದನ್ನೇ ಬಿಟ್ಟಿದ್ದಾರೆ. ಗೋಡೌನಿನ ಕೆಲಸ ಮುಗಿಸಿ ಬಂದವರೇ ಖಾಲಿ ಸ್ಪೀಕರಿಗೆ ಕಿವಿಯಿಟ್ಟು ಕೂರುತ್ತಾರೆ. ನನಗೆ ಹೆದರಿಕೆಯಾಗುತ್ತದೆ.

ಕಿವಿ ಡಾಕ್ಟರಿಗೆ ತೋರಿಸೋಣ ಎಂದು ಹೇಳಿ ನೋಡಿದೆ. "ಹಾಳಾದದ್ದು ಕರೆಂಟ್, ನನ್ನ ಕಿವಿ ಅಲ್ಲ. ಖಲಾಸ್" ಅಂದರು. ಕಿವಿಯ ವಿಷಯ ಕಂಪೆನಿಗೆ ಗೊತ್ತಾದರೆ ಊರಿಗೆ ಕಳಿಸುತ್ತಾರೆಂಬ ಭಯವೂ ಇರಬೇಕು. ಇದಕ್ಕಿಂತ ದೊಡ್ಡ ಕಂಡೀಷನರ್ ತರಿಸಬೇಕಂತೆ, ಯಾವುದೆಂದು ನಿನ್ನನ್ನೇ ಕೇಳುತ್ತಾರಂತೆ.

ಪರೀಕ್ಷೆಗೆ ಚೆನ್ನಾಗಿ ಓದು, ಊಟ ಬಿಡಬೇಡ. ಅಜ್ಜಿಯ ಮನೆಗೆ ಹೋದರೆ ನಾನು ಕೇಳಿದೆನೆಂದು ಹೇಳು. ದೇವ್ ಬರೆಂ ಕರುಂ.

ನಿನ್ನ ಮಮ್ಮಿ,
ರೆಜಿನಾ

ತಾ.ಕ.: ಮೊರಿಸ್ ಅಂಕಲ್ ಕೆಳಗೆ ಕಾಯುತ್ತಿದ್ದಾರೆ, ಬೇಗ ಬರೆಯುತ್ತೇನೆ. ಬುಧವಾರ ಇಲ್ಲಿ ಭಾರೀ ಗುಡುಗು ಮಳೆ. ಊರಿನ ಅಭ್ಯಾಸ ನನ್ನನ್ನು ಬಿಟ್ಟಿಲ್ಲವಲ್ಲ, ಓಡಿಹೋಗಿ ಎಲ್ಲದರ ಪಿನ್ ಎಳೆದೆ, ಕಂಡೀಷನರಿನದ್ದೂ. ಕಣ್ಣು ಮುಚ್ಚಿ ಸ್ಪೀಕರಿಗೆ ಒರಗಿದ್ದ ಡ್ಯಾಡಿಗೆ ಗೊತ್ತಾಗಲಿಲ್ಲ. ಸುಮಾರು ಹೊತ್ತಾದ ಮೇಲೆ "ಕೇಳಿತಾ? ಇನ್ನೂ ಉಂಟು" ಅಂದರು. ಪುತಾ, ಆಗ ಆ ಪೆಟ್ಟಿಗೆಗಳಲ್ಲಿ ಕರೆಂಟೇ ಇರಲಿಲ್ಲ. ಡ್ಯಾಡಿಯ ಒಡಹುಟ್ಟಿದವರು, ತೀರಿಹೋದ ನಿನ್ನ ಸೆಬಾಸ್ಟಿಯನ್ ಬಾಪ್ಪುವಿಗೆ ತಲೆಯೊಳಗೆ ಗಡ್ಡೆ ಎಂದು ಗೊತ್ತಾಗುವ ಮೊದಲು ಹೀಗೇ ಒಂದು ಕಿವಿಯಲ್ಲಿ ಸದ್ದು ಬರುತ್ತಿತ್ತು. ದೊಡ್ಡ ಮಶಿನಿನ ಹೆಸರು ಹೇಳಬೇಡ. ಡಾಕ್ಟರಿಗೆ ತೋರಿಸಿ ಎಂದು ನೀನೇ ಹೇಳು. ಅದಕ್ಕೂ ಮೊದಲು ಫೋನನ್ನು ಬಲಕಿವಿಗೆ ಇಟ್ಟುಕೊಳ್ಳಲು ಹೇಳು. ಎಡಕಿವಿಗೆ ಇಟ್ಟರೆ ನೀನು ಹೇಳಿದ್ದು ಅವರಿಗೆ ಮುಟ್ಟುವುದಿಲ್ಲ.