ಬಲಕ್ಕೆ ತಿರುಗುವ ಏಣಿ

ಫೆಬ್ರವರಿ ೩, ಸೋಮವಾರ. ಬೆಳಗ್ಗೆ ೭.೧೦

ಅಣ್ಣನ ಚಪ್ಪಲಿಯ ಅಡಿಗೆ ಅಯಸ್ಕಾಂತ ಅಂಟಿಸುವ ಕಾರ್ಯ ಸುಸೂತ್ರವಾಗಿ ನೆರವೇರಿತು. ವರ್ಕ್‌ಶಾಪಿನಲ್ಲಿ ನಾಲ್ಕು ಹೆಜ್ಜೆ ಇಡುವಷ್ಟರಲ್ಲಿ ಚಪ್ಪಲಿಗೆ ಕಬ್ಬಿಣದ ಗಡ್ಡ ಬೆಳೆದಿತ್ತು. "ಲೇ ಚೇಷ್ಟೆ!" ಎಂಬ ಗರ್ಜನೆ. ಚೇಷ್ಟೆ ಎಂದರೆ ನಾನು. ನಿಜವಾದ ಹೆಸರು ಮನೆಯಲ್ಲಿ ಯಾರಿಗೂ ನೆನಪಿಲ್ಲ.

ಅಪ್ಪನ ವೆಲ್ಡಿಂಗ್ ವರ್ಕ್‌ಶಾಪಿಗೆ ಐತಿಹಾಸಿಕ ಆರ್ಡರು ಬಂದಿದೆ. ನಮ್ಮ ಕಾಲೇಜಿನ ಹೊಸ ಲ್ಯಾಬಿನ ಬಾಗಿಲಲ್ಲಿ ನಿಲ್ಲಿಸಲು ಆಳೆತ್ತರದ ಡಿಎನ್ಎ. ಬಯಾಲಜಿ ಮೇಡಂ ಶನಿವಾರ ಖುದ್ದು ಬಂದು ವಿವರಿಸಿದ್ದರು.

"ಏಣಿ ಥರ ಇರುತ್ತೆ. ಬಟ್ಟೆ ಹಿಂಡಿದ ಹಾಗೆ ಆ ಏಣೀನ ತಿರುಚಬೇಕು. ಒಂದೊಂದು ಮೆಟ್ಟಿಲೂ ಎರಡು ತುಂಡು. ಎ ಎದುರಿಗೆ ಟಿ, ಜಿ ಎದುರಿಗೆ ಸಿ. ಬೇರೆ ಜೋಡಿ ಇಲ್ಲ."

ಅಣ್ಣ: "ಮಧ್ಯೆ ವೆಲ್ಡ್ ಮಾಡ್ಬಿಡ್ತೀನಿ ಮೇಡಂ. ಜನ್ಮಕ್ಕೂ ಬಿಡಲ್ಲ."

"ಅಯ್ಯೋ, ಬೇಡಪ್ಪಾ! ಅದು ಬಿಚ್ಚಿಕೊಳ್ಳೋಕಂತಲೇ ಇರೋದು. ಬೋಲ್ಟ್ ಹಾಕು. ಎ-ಟಿಗೆ ಎರಡು, ಜಿ-ಸಿಗೆ ಮೂರು."

ಅಪ್ಪ ಕೇಳಿದ್ದು ಒಂದೇ ಪ್ರಶ್ನೆ. "ಹೆಸರು ಹಾಕಬಹುದಾ?" ಹಾಕಬಹುದಂತೆ. ಹಿತ್ತಾಳೆ ಪ್ಲೇಟಿನಲ್ಲಿ! ಇಪ್ಪತ್ತಾರು ವರ್ಷ ಗೇಟು, ಗ್ರಿಲ್ಲು ಮಾಡಿದವರು. ಗ್ರಿಲ್ಲಿನ ಮೇಲೆ ಯಾರು ಹೆಸರು ಬರೆಸುತ್ತಾರೆ? ಅವತ್ತಿನಿಂದ ಶಿಳ್ಳೆ ಹಾಕಿಕೊಂಡೇ ಓಡಾಡುತ್ತಿದ್ದಾರೆ. ಹದಿನೈದಕ್ಕೆ ಉದ್ಘಾಟನೆ.

ಫೆಬ್ರವರಿ ೫, ಬುಧವಾರ

ಆಸ್ಥಾನ ಚಿತ್ರಕಾರಳಾಗಿ ನನ್ನ ನೇಮಕ. ಮೇಡಂ ಕೊಟ್ಟ ಚಿತ್ರವನ್ನು ಟ್ರೇಸಿಂಗ್ ಪೇಪರಿಗೆ ಇಳಿಸಿದೆ. ಇಪ್ಪತ್ತು ಮೆಟ್ಟಿಲು, ಅಳತೆ, ಬಣ್ಣದ ಹೆಸರು ಸಮೇತ. ಎ-ಟಿ ಎಂದರೆ ಕೆಂಪಿಗೆ ಹಸಿರು, ಜಿ-ಸಿ ಎಂದರೆ ನೀಲಿಗೆ ಹಳದಿ.

ಅಣ್ಣನ ಬೆಂಚಿನ ಮುಂದೆ ಅಂಟಿಸುವಾಗ ಕೈ ಸುಮ್ಮನಿರಲಿಲ್ಲ... ಕಾಗದದ ಬೆನ್ನು ಈಚೆ ಮಾಡಿ ಅಂಟಿಸಿದೆ. ಬರಹವೆಲ್ಲ ಉಲ್ಟಾ. ತಲೆ ಕೆರೆದುಕೊಳ್ಳಲಿ ಎಂದು ಬಾಗಿಲ ಹಿಂದೆ ಕಾದೆ. ಅವನು ಮನೆಯಿಂದ ಕನ್ನಡಿ ತಂದ. ಅಕ್ಷರ ಮಾತ್ರ ಕನ್ನಡಿಯಲ್ಲಿ ಓದಿಕೊಂಡ, ಚಿತ್ರ ಹೇಗಿತ್ತೋ ಹಾಗೇ ನೋಡಿಕೊಂಡು ಕೆಲಸಕ್ಕೆ ಕೂತ. ಬೈಯಲೂ ಇಲ್ಲ. ಚೇಷ್ಟೆಗೆ ಇದಕ್ಕಿಂತ ಅವಮಾನವಿದೆಯೇ?

ಫೆಬ್ರವರಿ ೯, ಭಾನುವಾರ

ಏಣಿ ಎದ್ದು ನಿಂತಿದೆ! ಶುಕ್ರವಾರ ಏಣಿಯ ಎರಡು ಪಕ್ಕದ ಪಟ್ಟಿಗಳನ್ನು ಕೆಂಪಗೆ ಕಾಯಿಸಿ, ಒಂದು ತುದಿಯನ್ನು ವೈಸಿನ ಕಬ್ಬಿಣದ ಬಾಯಿಗೆ ಕಚ್ಚಿಸಿ, ಇನ್ನೊಂದು ತುದಿಗೆ ಉದ್ದನೆ ಪೈಪು ಸಿಕ್ಕಿಸಿ, ಅಪ್ಪ-ಅಣ್ಣ ಇಬ್ಬರೂ ಜೋತುಬಿದ್ದು ತಿರುಚಿದರು. ಒಬ್ಬರ ಕೈಯಲ್ಲಿ ಆಗುವ ಕೆಲಸವಲ್ಲ. ಇವತ್ತು ಬಣ್ಣವೂ ಮುಗಿಯಿತು. ಅಪ್ಪ ಸುತ್ತ ಹನ್ನೊಂದು ಸಲ ನಡೆದರು, ಎಣಿಸಿದ್ದೇನೆ.

ಅಮ್ಮ: "ಈ ಎರಡು ಮಕ್ಕಳು ಹುಟ್ಟಿದಾಗಲೂ ಇಷ್ಟು ಸಲ ನೋಡಿರಲಿಲ್ಲ."

ಫೆಬ್ರವರಿ ೧೦, ಸೋಮವಾರ. ಮಧ್ಯಾಹ್ನ ೧೨.೪೦, ಲಾಸ್ಟ್ ಬೆಂಚು

ಮೇಡಂ ಈಗಷ್ಟೇ ಹೇಳಿದರು: "ಬಲಗೈ ಹೆಬ್ಬೆರಳು ಮೇಲೆ ಮಾಡಿ. ಮಿಕ್ಕ ಬೆರಳು ಯಾವ ಕಡೆ ಸುತ್ತುತ್ತೋ ಆ ಕಡೆಗೇ ಡಿಎನ್ಎ ಸುತ್ತಿಕೊಂಡು ಏರುತ್ತೆ. ನಮ್ಮಲ್ಲೂ ಹಾಗೇ, ಸೊಳ್ಳೇಲೂ ಹಾಗೇ."

ಹೆಬ್ಬೆರಳು ನೋಡಿದೆ. ನಮ್ಮ ಏಣಿ ನೆನೆಸಿಕೊಂಡೆ. ಎಡಗೈ ಎತ್ತಿದೆ. ಸರಿಹೊಂದಿತು.

ಅಯ್ಯಯ್ಯೋ.

ಸಂಜೆ ೫

ಅಪ್ಪ-ಅಣ್ಣ ಊಟಕ್ಕೆ ಹೋಗಿದ್ದಾಗ ಸಾಕ್ಷ್ಯನಾಶ ಮಾಡಿದೆ. ಟ್ರೇಸಿಂಗ್ ಪೇಪರು ಈಗ ಬೂದಿ. ಇದನ್ನು ಬರೆಯುವಾಗ ಘನತೆ ಕಾಪಾಡಿಕೊಳ್ಳಲು ಆಗುತ್ತಿಲ್ಲ. ಸುಮ್ಮನಿದ್ದರೆ ಶನಿವಾರ ಇಡೀ ಕಾಲೇಜಿನ ಮುಂದೆ ಅಪ್ಪನ ಹೆಸರು ನಗೆಪಾಟಲು. ಅದಾಗಬಾರದು. ಅಪ್ಪನಿಗೆ ಹೇಳಿದೆ—ಅರ್ಧ. ತಿರುವು ಉಲ್ಟಾ ಎಂದಷ್ಟೇ. ಉಳಿದರ್ಧ ಗಂಟಲಲ್ಲೇ ಇದೆ.

ಅಪ್ಪ ಜೇಬಿನಿಂದ ಒಂದು ಬೋಲ್ಟು ತೆಗೆದು ಏಣಿಯ ಪಕ್ಕ ಹಿಡಿದರು. ಬೋಲ್ಟಿನ ಸುತ್ತು ಬಲಕ್ಕೆ, ಏಣಿಯದು ಎಡಕ್ಕೆ. ಮುಖ ಇಳಿಯಿತು. "ಗ್ಯಾಸ್ ಸಿಲಿಂಡರಿನ ಉಲ್ಟಾ ಥ್ರೆಡ್ ಥರ ಆಗೋಯ್ತಲ್ಲೋ!"

ಅಣ್ಣ: "ತಲೆಕೆಳಗು ನಿಲ್ಸೋಣ. ಸರಿಹೋಗುತ್ತೆ."

ಮೂವರೂ ಸೇರಿ ತಲೆಕೆಳಗು ಮಾಡಿದೆವು. ಹಾಗೇ ಇತ್ತು. ಮತ್ತೆ ತಿರುಗಿಸಿದೆವು. ಆಗಲೂ ಹಾಗೇ. ಅಮ್ಮ ಬಾಗಿಲಲ್ಲಿ ನಿಂತು, "ಹಗ್ಗ ತಲೆಕೆಳಗು ಹಿಡಿದ್ರೆ ಹುರಿ ಬದಲಾಗುತ್ತೇನ್ರೋ?" ಎಂದಳು. ವಿಜ್ಞಾನ ಮುಗಿಯಿತು.

ಆಮೇಲೆ ಜಗಳ. "ನೋಡ್ಕೊಂಡು ಮಾಡೋಕೆ ಏನಾಗಿತ್ತು ನಿಂಗೆ?" "ನೋಡ್ಕೊಂಡೇ ಮಾಡಿದ್ದು!" ನಾನು ಮಧ್ಯದಲ್ಲಿ.

ಫೆಬ್ರವರಿ ೧೧, ಮಂಗಳವಾರ

ಬೋಲ್ಟು ಬಿಚ್ಚಿದರು. ಏಣಿ ಮಧ್ಯಕ್ಕೆ ಸೀಳಿ ಎರಡಾಯಿತು. ಒಂದೊಂದು ಪಟ್ಟಿಗೂ ಇಪ್ಪತ್ತು ಅರ್ಧ ಮೆಟ್ಟಿಲು, ಬಾಚಣಿಗೆಯ ಹಲ್ಲಿನಂತೆ. ಅಪ್ಪ ಒಂದನ್ನು ಶೆಡ್ಡಿನೊಳಗೆ ಒಯ್ದರು. ಅಣ್ಣ ಇನ್ನೊಂದನ್ನು ಹಿತ್ತಲಿಗೆ ಎಳೆದುಕೊಂಡು ಹೋದ. ಪರಸ್ಪರ ಮಾತಿಲ್ಲ. ರಾಯಭಾರ ನನ್ನ ಪಾಲಿಗೆ.

ಅಪ್ಪ: "ಅವನ ಅರ್ಧ ನಂಗೇನೂ ಬೇಡ. ಹೊಸದು ಮಾಡ್ಕೋತೀನಿ ಅಂತ ಹೇಳು."

ಹಿತ್ತಲಿಗೆ ಓಡಿದೆ. ಬಾಯಿ ತೆರೆಯುವ ಮೊದಲೇ ಅಣ್ಣ: "ಅವರ ಅರ್ಧ ನಂಗೇನೂ ಬೇಡ. ಹೊಸದು ಮಾಡ್ಕೋತೀನಿ ಅಂತ ಹೇಳು."

ಅದೇ ಮಾತು, ಅದೇ ಧಾಟಿ, ಮೂಗಿನ ಹೊಳ್ಳೆ ಅರಳುವುದೂ ಅದೇ. ಕಾಪಿ ಎಂದರೆ ಇದು.

ಸಂದೇಶ ಎರಡು ಕಡೆಗೂ ತಲುಪಲಿಲ್ಲ. ರಾಯಭಾರಿಗೆ ನಗು ತಡೆಯುವುದೇ ಕಷ್ಟವಾಗಿತ್ತು.

ಫೆಬ್ರವರಿ ೧೨, ಬುಧವಾರ

ಬಣ್ಣ ಸುಡದಂತೆ ಮೆಟ್ಟಿಲಿಗೆ ಒದ್ದೆ ಗೋಣಿ ಸುತ್ತಿ, ಪಟ್ಟಿ ಕಾಯಿಸಿ ನೆಟ್ಟಗೆ ಮಾಡುತ್ತಿದ್ದಾರೆ. ಶೆಡ್ಡಿನಲ್ಲೊಬ್ಬರು, ಹಿತ್ತಲಲ್ಲೊಬ್ಬ.

ನಕ್ಷೆ ಇಲ್ಲವಲ್ಲ ಎಂದು ನನಗೆ ಹೆದರಿಕೆಯಿತ್ತು. ಇಬ್ಬರೂ ಕೇಳಲೇ ಇಲ್ಲ! ಅಪ್ಪ ತಮ್ಮ ಅರ್ಧವನ್ನು ಓದಿಕೊಂಡೇ ಹೊಸ ತುಂಡು ಕತ್ತರಿಸುತ್ತಿದ್ದರು. ಕೆಂಪು ಇದೆಯಾ, ಎದುರಿಗೆ ಹಸಿರು. ಹಳದಿ ಇದೆಯಾ, ನೀಲಿ. ಅಣ್ಣನೂ ಅಷ್ಟೇ. ಅರ್ಧ ಇದ್ದರೆ ಇನ್ನರ್ಧ ಹೇಗಿರಬೇಕೆಂದು ಅದೇ ಹೇಳುತ್ತದೆ. ಜೀವಕೋಶ ಎರಡಾಗುವ ಮೊದಲು ಮಾಡುವುದೂ ಇದನ್ನೇ ಎಂದು ಮೇಡಂ ಎರಡು ಪೀರಿಯಡ್ ಹೇಳಿದ್ದರು. ತಲೆಗೆ ಹೋಗಿದ್ದು ಇವತ್ತು, ಹಿತ್ತಲ ಕಟ್ಟೆಯ ಮೇಲೆ, ಕಡಲೆಕಾಯಿ ತಿನ್ನುತ್ತಾ.

ಸಂಜೆ ಅಣ್ಣ ಸುತ್ತಿಗೆ ಹಿಡಿದು ಒಂದು ಬೋಲ್ಟನ್ನು ಬಡಿಯುತ್ತಿದ್ದ. ಹೋಗುತ್ತಿಲ್ಲ. ನೋಡಿದರೆ ಕೆಂಪಿನ ಎದುರಿಗೆ ನೀಲಿ.

"ಎರಡು ತೂತಿಗೆ ಮೂರು ತೂತು ಕೂಡುತ್ತಾ ಅಣ್ಣಾ? ತೆಗಿ. ಹಸಿರು ಹಾಕು."

"ನೀನ್ಯಾವ ಇನ್ಸ್‌ಪೆಕ್ಟರಮ್ಮ?" ಎಂದ. ತೆಗೆದು ಹಸಿರು ಹಾಕಿದ. ಕೋಶದಲ್ಲೂ ತಪ್ಪು ಜೋಡಿ ಹಿಡಿಯುವ ಇಂಥ ಇನ್ಸ್‌ಪೆಕ್ಟರ್ ಇರುತ್ತಾರಂತೆ. ಬಹಳ ಗೌರವದ ಹುದ್ದೆ.

ಫೆಬ್ರವರಿ ೧೩, ಗುರುವಾರ. ಸಂಜೆ ೬

ಮಧ್ಯಾಹ್ನ ಮೂರಕ್ಕೆ ಅಪ್ಪನ ಏಣಿ ಸಿದ್ಧ. ಮೂರೂಕಾಲಿಗೆ ಅಣ್ಣ ತನ್ನದನ್ನು ಹೆಗಲ ಮೇಲೆ ಹೊತ್ತು ಶೆಡ್ಡಿಗೆ ಬಂದ. ಇರುವುದೊಂದೇ ವೈಸು. ಎರಡು ನೆಟ್ಟನೆ ಏಣಿ ಅಕ್ಕಪಕ್ಕ ಮಲಗಿದವು. ಒಂದೊಂದರಲ್ಲೂ ಅರ್ಧ ಹಳೆಯದು, ಅರ್ಧ ಹೊಸದು. ಮೇಲಿಂದ ಕೆಳಗೆ ಬಣ್ಣದ ಸಾಲು ಒಂದೇ.

ಇಬ್ಬರೂ ಪಿಳಿಪಿಳಿ ನೋಡಿದರು. ಅಪ್ಪ ತಮ್ಮ ಏಣಿ ಕಾಯಿಸಿ, ವೈಸಿಗೆ ಕಚ್ಚಿಸಿ, ಪೈಪಿಗೆ ಒಬ್ಬರೇ ಜೋತುಬಿದ್ದರು. ಅಲುಗಲಿಲ್ಲ. ನಾನೂ ಅಮ್ಮನೂ ಜೋತುಬಿದ್ದೆವು. ಊಹೂಂ. ಅಣ್ಣ ಗೋಡೆ ನೋಡುತ್ತಾ ನಿಂತಿದ್ದ. ಕಾದ ಪಟ್ಟಿ ಕಪ್ಪಾಗತೊಡಗಿತ್ತು.

ಆಗ ಉಳಿದರ್ಧ ಹೊರಗೆ ಬಂತು. "ಅಣ್ಣನ ತಪ್ಪಲ್ಲಪ್ಪಾ. ಟ್ರೇಸಿಂಗ್ ತಿರುಗಿಸಿ ಅಂಟಿಸಿದ್ದು ನಾನು. ಸುಟ್ಟಿದ್ದೂ ನಾನೇ."

ಅಪ್ಪ ಅಣ್ಣನ ಕಡೆ ತಿರುಗಿದರು.

"ಕಾಗದ ಉಲ್ಟಾ ಇತ್ತು ಅಂತ ನೀನು ಹೇಳಬಾರದಾಗಿತ್ತೇನೋ?"

"ಇವಳನ್ನ ಯಾಕೆ ಬೈಸೋದು ಅಂತ..."

ಅವನಿಗೆ ಗೊತ್ತಿತ್ತು! ಮೂರು ದಿನ ನನ್ನ ಬದಲು ಬೈಸಿಕೊಂಡಿದ್ದಾನೆ. ಅಯಸ್ಕಾಂತದ ವಿಷಯದಲ್ಲಿ ಮೊದಲ ಬಾರಿ ಪಶ್ಚಾತ್ತಾಪವಾಯಿತು.

ಅಪ್ಪ ಪೈಪಿನ ಒಂದು ಪಕ್ಕಕ್ಕೆ ಸರಿದರು. "ಏನ್ ನೋಡ್ತಾ ನಿಂತೆ? ಹಿಡಿಯೋ ಪೈಪು. ತಣ್ಣಗಾಗ್ತಿದೆ."

ಅಣ್ಣ ಹಿಡಿದ. ಅಮ್ಮ ಒಂದು ಕೈಯಲ್ಲಿ ಬೋಲ್ಟು, ಇನ್ನೊಂದರಲ್ಲಿ ಸೌಟು ಎತ್ತಿಕೊಂಡು, "ಬಲಕ್ಕೆ! ಬಲಕ್ಕೆ ರೀ! ಬೋಲ್ಟ್ ನೋಡ್ಕೊಳ್ಳಿ!" ಎಂದು ಕೂಗುತ್ತಿದ್ದಳು. ಏಣಿ ನಿಧಾನ ಮೈಮುರಿದು ತಿರುಗಿತು. ಆಮೇಲೆ ಎರಡನೆಯದೂ. ಅಪ್ಪನಿಗೆ ನಗು ಶುರುವಾಗಿ ನಿಲ್ಲಲೇ ಇಲ್ಲ. "ಒಂದು ಕೇಳಿದ್ರು, ಎರಡು ಹೆತ್ತೆವಲ್ಲೇ!"

ಎರಡನೆಯದು ವರ್ಕ್‌ಶಾಪಿನ ಬಾಗಿಲಲ್ಲಿ ನಿಲ್ಲುತ್ತದಂತೆ.

ಫೆಬ್ರವರಿ ೧೪, ಶುಕ್ರವಾರ. ಬೆಳಗ್ಗೆ ೮.೩೦

ಮೇಡಂ ಬಂದು ಹೆಬ್ಬೆರಳೆತ್ತಿ ನೋಡಿ, "ಪರ್ಫೆಕ್ಟ್" ಎಂದು ಹೋದರು. ಅಪ್ಪ ಗುಟ್ಟಾಗಿ ತಮ್ಮ ಹೆಬ್ಬೆರಳನ್ನೂ ಎತ್ತಿ ನೋಡಿಕೊಂಡರು.

ಉಳಿದಿರುವುದು ಹಿತ್ತಾಳೆ ಪ್ಲೇಟು. ಅಕ್ಷರ ಕೆತ್ತುವವರು ಟ್ರೇಸಿಂಗ್ ಪೇಪರಿನಲ್ಲೇ ಬರೆದು ಕೊಡಿ ಎಂದಿದ್ದಾರೆ. ಅಣ್ಣ ಬರೆದು, ಸುರುಳಿ ಸುತ್ತಿ, ನನ್ನ ಕೈಗೇ ಕೊಟ್ಟ. ಬೇರೆ ಯಾರೂ ಸಿಗಲಿಲ್ಲವೇ ಇವನಿಗೆ?

"ನೆಟ್ಟಗೆ ಕೊಟ್ಟು ಬಾ, ಲೇ ಚೇಷ್ಟೆ."

ಬಿಚ್ಚಿ ನೋಡಿದೆ. ಮೊದಲ ಸಾಲಿನಲ್ಲಿ ಅಪ್ಪನ ಹೆಸರು, ದಪ್ಪಕ್ಷರ. ಎರಡನೆಯದರಲ್ಲಿ ಅವನದು. ಮೂರನೆಯದರಲ್ಲಿ, ಚಿಕ್ಕದಾಗಿ: "ತಪ್ಪು ಮಾಡಿದ್ದು, ತಪ್ಪು ಹಿಡಿದದ್ದು—" ಮುಂದೆ ನನ್ನ ಹೆಸರು. ಚೇಷ್ಟೆ ಅಲ್ಲ, ನಿಜವಾದ್ದು. ಅವನಿಗೆ ನೆನಪಿದೆ.

ಕಣ್ಣಿಗೆ ಏನೋ ಬಿತ್ತು. ಕಬ್ಬಿಣದ ಪುಡಿಯೇ ಇರಬೇಕು.

ಮೂಲೆಯಲ್ಲಿ ಕೆಂಪು ಶಾಯಿಯಲ್ಲಿ ದೊಡ್ಡ ಬಾಣದ ಗುರುತು: "ಈ ಕಡೆ ಮೇಲೆ." ಕಾಗದ ತೆಳ್ಳಗಿದೆ. ಆ ಕಡೆಯಿಂದಲೂ ಎಷ್ಟು ಚೆನ್ನಾಗಿ ಕಾಣುತ್ತದೆ... ಇಲ್ಲ. ಖಂಡಿತ ಇಲ್ಲ. ಅಪ್ಪ ಸ್ಕೂಟರ್ ಸ್ಟಾರ್ಟ್ ಮಾಡಿ ಕೂಗುತ್ತಿದ್ದಾರೆ. ಆದರೆ ಬಾಣದ ಗುರುತೊಂದನ್ನು ಮಾತ್ರ ಸ್ವಲ್ಪ—