ನಾಲ್ಕರ ಬದಲು ಎರಡು

ಜೂನ್ 4, ಬೆಳಿಗ್ಗೆ

ವಾರದ ಡಬ್ಬಿ ತುಂಬಿಸಿಟ್ಟೆ. ಪ್ರತಿ ಖಾನೆಗೆ ಸ್ಟೀರಾಯ್ಡ್ ನಾಲ್ಕು, ಪಕ್ಕದಲ್ಲಿ ಹೊಸ ಹಳದಿ ಮಾತ್ರೆ ಒಂದು. ಇವರ ಲಿವರ್ ಊದಿಕೊಂಡು ಕಣ್ಣು ಹಳದಿಯಾಗಿದೆ. ವೈರಸ್ ಅಲ್ಲ, ಕುಡಿತ ಅಲ್ಲ, ಇವರ ದೇಹವೇ ಅದರ ಮೇಲೆ ಕೈ ಮಾಡುತ್ತಿದೆ. ಡಾಕ್ಟರಮ್ಮ ನಿನ್ನೆ ಬಿಡಿಸಿ ಹೇಳಿದರು. "ಸ್ಟೀರಾಯ್ಡ್ ಬೇಗ ತಣಿಸತ್ತೆ, ಆದ್ರೆ ಇಷ್ಟು ಡೋಸ್ ಬಹಳ ದಿನ ಕೊಡೋ ಹಾಗಿಲ್ಲ. ಹಳದಿದು ನಿಧಾನ. ಅದು ಹಿಡಿತಕ್ಕೆ ಬಂದ ಹಾಗೆ ಇದನ್ನ ಇಳಿಸ್ತಾ ಹೋಗೋಣ. ಎರಡೂ ಸೇರಿದ್ರೇನೇ ಕೆಲಸ."

"ಗಂಡ ಹೆಂಡತಿ ಥರ" ಅಂದೆ. ಆಕೆ ನಗಲಿಲ್ಲ. ಇವರು ನಕ್ಕರು! ಆಚೆ ಕೂತಿದ್ದ ರೋಗಿಗಳು ತಿರುಗಿ ನೋಡುವಷ್ಟು.

ಇವರು ನಗುವವರೇ ಅಲ್ಲ. ರೇಡಿಯೋ ಸ್ಟೇಷನ್ನಿನಲ್ಲಿ ಧ್ವನಿಮುದ್ರಣ. ಕೇಳಿದರೆ "ನಮ್ಮ ಕೆಲಸವೇ ಬಾಯಿ ಮುಚ್ಕೊಂಡಿರೋದು" ಅನ್ನುತ್ತಿದ್ದರು. ಮನೆಯಲ್ಲೂ ಅದೇ ಡ್ಯೂಟಿ. ಮದುವೆಯಾದಾಗಿನಿಂದ ನಾನು ಅಡುಗೆಮನೆಯಲ್ಲಿ ಪದ್ಯ ಓದಿದ್ದೇನೆ, ಒಗ್ಗರಣೆಯ ಸದ್ದಿಗಿಂತ ಗಟ್ಟಿಯಾಗಿ. ಬಂದ ಉತ್ತರ — "ಹೂಂ."

ಜೂನ್ 9

ಸ್ಟೀರಾಯ್ಡ್ ಇವರ ಬಾಯಿ ಬಿಚ್ಚಿಸಿದೆ. ನಿದ್ದೆ ಇಲ್ಲ, ಹಸಿವೋ ಹಸಿವು, ಮುಖ ದುಂಡಗೆ, ಮತ್ತೆ ಮಾತು... ಹಾಸ್ಟೆಲಿನಿಂದ ಮಗಳ ಫೋನು. "ಅಮ್ಮಾ, ಅಪ್ಪ ಜೋಕ್ ಮೇಲೆ ಜೋಕ್ ಹೇಳಿದ್ರು! ಇದೇ ಅಪ್ಪ ಇರ್ಲಿ, ಹಳೇದನ್ನ ವಾಪಸ್ ತರಬೇಡ."

ನಗು ಬಂತು. ಆದರೆ ಮಾತಿನ ದೊಡ್ಡ ಪಾಲು ನಮ್ಮಿಬ್ಬರಿಗಲ್ಲ. ವಾರ್ತೆಗೆ. ಇವರ ಸ್ಟೇಷನ್ನಿನಲ್ಲಿ ಸಮಾಚಾರ ಓದುವವಳು. ಮನೆಯಲ್ಲಿ ನಾನೂ ಮಗಳೂ ಅವಳಿಗಿಟ್ಟ ಹೆಸರು ಅದು. ವಯಸ್ಸು ನನ್ನದೇ, ಧ್ವನಿ ಇಪ್ಪತ್ತೈದರದು.

"ಇಷ್ಟೊಂದು ಮಾತು ಇಷ್ಟು ವರ್ಷ ಎಲ್ಲಿಟ್ಟಿದ್ರಿ?" ಅಂದೆ.

"ಗೊತ್ತಿಲ್ಲ ಕಣೇ. ತಲೆಯೊಳಗೆ ಯಾರೋ ಸ್ವಿಚ್ ಹಾಕಿದ ಹಾಗಿದೆ" ಅಂದರು. ಫೋನ್ ಎತ್ತಿಕೊಂಡು ಬಾಲ್ಕನಿಗೆ ಹೋದರು. ಬಾಗಿಲು ಎಳೆದುಕೊಂಡರು.

ಎರಡು ಲೋಟ ಕಾಫಿ ಮಾಡಿದ್ದೆ. ಎರಡನ್ನೂ ನಾನೇ ಕುಡಿದೆ.

ಜೂನ್ 12, ಸಂಜೆ

ಒಣಗಿದ ಬಟ್ಟೆ ತರಲು ಹೋದೆ. ಬಾಲ್ಕನಿಯ ಬಾಗಿಲು ಸಂದು ಬಿಟ್ಟಿತ್ತು. ಫೋನಿನಲ್ಲಿ ಇವರ ದನಿ: "ಒಂದು ಪದ್ಯ ಹೇಳ್ತೀನಿ, ಕೇಳು."

ಹೇಳಿದರು. ಪೂರ್ತಿ. ಬಿಟ್ಟುಹೋದ ದೋಣಿಯನ್ನು ದಡ ನೆನೆಯುವ ಪದ್ಯ. ಮಗಳು ಹೊಟ್ಟೆಯಲ್ಲಿದ್ದ ವರ್ಷ ದಿನಾ ಓದುತ್ತಿದ್ದೆ. ಸಾಲು ನೆನಪಿಟ್ಟದ್ದು ಇರಲಿ... ಮೂರನೇ ಸಾಲಿನ ನಡುವೆ ನಾನು ನಿಲ್ಲುತ್ತಿದ್ದೆ, ಆಗ ಉಸಿರು ಸಾಲುತ್ತಿರಲಿಲ್ಲ. ಇವರೂ ಅಲ್ಲೇ ನಿಂತರು. ನನ್ನ ಉಸಿರು. ವಾರ್ತೆಯ ಕಿವಿಗೆ.

ಅಂದರೆ ಕೇಳಿಸಿಕೊಂಡಿದ್ದಾರೆ. ಅಷ್ಟೂ ವರ್ಷ, ಒಂದಕ್ಷರ ಬಿಡದೆ. ನನಗೆ ಹೂಂ, ಅವಳಿಗೆ ಪದ್ಯ.

ಹೊಟ್ಟೆಯಲ್ಲಿ ಬೆಂಕಿ ಅನ್ನುವುದನ್ನು ಮಾತಿನ ಅಲಂಕಾರ ಅಂದುಕೊಂಡಿದ್ದೆ. ಅಲ್ಲ. ಪಕ್ಕೆಲುಬಿನ ಕೆಳಗೆ, ಬಲಕ್ಕೆ. ಇವರಿಗೆ ನೋವಿರುವ ಜಾಗದಲ್ಲೇ.

ಜೂನ್ 13

ನಾಲ್ಕರ ಬದಲು ಎರಡು.

ಹೇಗಿದ್ದರೂ ಇಳಿಸುವುದೇ ತಾನೆ? ಸ್ವಲ್ಪ ಮುಂಚೆ, ಅಷ್ಟೇ. ಹಳದಿಯದು ಇದೆಯಲ್ಲ. ಇವರು ಎಣಿಸುವುದಿಲ್ಲ, ನನ್ನ ಅಂಗೈಯಿಂದ ತೆಗೆದುಕೊಂಡು ಬಾಯಿಗೆ ಹಾಕಿಕೊಳ್ಳುತ್ತಾರೆ.

ಜೂನ್ 18

ಮಾತು ಕಡಿಮೆಯಾಗಿದೆ. ಸೋಫಾದಲ್ಲೇ ಇರುತ್ತಾರೆ. ವಾರ್ತೆಯ ಫೋನ್ ಬಂತು, ರಿಂಗಾಗಿ ರಿಂಗಾಗಿ ನಿಂತಿತು. "ಎತ್ತಲ್ವಾ?" ಅಂದೆ, ಏನೂ ಅರಿಯದವಳ ಹಾಗೆ.

"ಸುಸ್ತು."

ಗೆದ್ದೆ ಅನ್ನಿಸಿತು. ಹೌದು, ಅನ್ನಿಸಿತು. ಬರೆದಿಡುತ್ತೇನೆ.

ಕಣ್ಣು ಮತ್ತೆ ಹಳದಿಯಾಗಿದೆಯೇ? ಟ್ಯೂಬ್‌ಲೈಟ್ ಬೆಳಕು ಇರಬಹುದು.

ಜೂನ್ 25

ಟ್ಯೂಬ್‌ಲೈಟ್ ಅಲ್ಲ.

ಡಾಕ್ಟರಮ್ಮ ರಿಪೋರ್ಟನ್ನು ಎರಡು ಸಲ ನೋಡಿದರು. "ಇನ್ನೂರಕ್ಕೆ ಇಳಿದಿದ್ದ ಲಿವರ್ ಎನ್‌ಜೈಮ್ ಆರುನೂರಾಗಿದೆ. ಈ ಜೋಡಿ ನಿಮಗೆ ಹೊಂದ್ತಿಲ್ಲ ಅನ್ಸತ್ತೆ. ಸೂಜಿ ಹಾಕಿ ಲಿವರ್ ಚೂರು ಇನ್ನೊಂದ್ಸಲ ತೆಗೆದು ನೋಡೋಣ. ಆಮೇಲೆ ಹಳದಿದು ನಿಲ್ಸಿ ಬೇರೆ ಔಷಧಿ. ಅದು ಸ್ವಲ್ಪ ಒರಟು, ಸೋಂಕಿನ ಭಯ ಜಾಸ್ತಿ. ಮಾತ್ರೆ ಸರಿಯಾಗಿ ತಗೊಳ್ತಿದೀರಿ ತಾನೆ?"

"ಇವಳ ಕೈಯಿಂದಾನೇ ಡಾಕ್ಟ್ರೇ" ಅಂದರು ಇವರು. "ನಾನು ತಪ್ಪಿಸಿದ್ರೂ ಇವಳು ತಪ್ಪಿಸಲ್ಲ."

ಆಕೆ ಹೊಸ ಚೀಟಿ ಬರೆಯತೊಡಗಿದರು. ಪೆನ್ನು ಓಡುತ್ತಿತ್ತು. ಆ ಚೀಟಿ ಹರಿದು ನನ್ನ ಕೈಗೆ ಬಂದರೆ ಮುಗಿಯಿತು. ತಪ್ಪು ನನ್ನದು, ಸೂಜಿ ಇವರ ಪಕ್ಕೆಗೆ.

"ಎರಡೇ ಕೊಟ್ಟೆ" ಅಂದೆ. "ನಾಲ್ಕರ ಬದಲು. ಹದಿಮೂರನೇ ತಾರೀಕಿನಿಂದ."

ಪೆನ್ನು ನಿಂತಿತು. ಬೈಗುಳ ತಿಂದೆ. ಮಕ್ಕಳಿಗೆ ಬೈದ ಹಾಗೆ, ಬಾಗಿಲಲ್ಲಿ ಹೆಸರು ಕೂಗುವ ಹುಡುಗಿಗೂ ಕೇಳಿಸುವ ಹಾಗೆ. "ಇದು ಉಪ್ಪು ಖಾರ ಅಲ್ಲಮ್ಮ, ರುಚಿಗೆ ತಕ್ಕಷ್ಟು ಹಾಕೋಕೆ! ಹಳದಿದು ಇನ್ನೂ ಕೆಲಸ ಶುರು ಮಾಡೋ ಮೊದಲೇ ಇದನ್ನ ಕಿತ್ಕೊಂಡ್ರೆ ಲಿವರ್ ಏನು ಮಾಡತ್ತೆ?" ಸೂಜಿ ರದ್ದು. ಮತ್ತೆ ನಾಲ್ಕು, ಜೊತೆಗೆ ಹಳದಿಯದು. ವಾರ ವಾರ ರಕ್ತ.

ಬಸ್ಸಿನಲ್ಲಿ ಇವರು ಕಿಟಕಿಯ ಕಡೆ. ನಾಲ್ಕನೇ ಸ್ಟಾಪು ದಾಟಿತು. ಆಮೇಲೆ, "ಯಾಕೆ?"

"ಆ ದೋಣಿ ಪದ್ಯ ಅವಳಿಗೆ ಹೇಳಿದ್ರಿ."

ತಿರುಗಿ ನೋಡಿದರು. "ಅದಕ್ಕೆ ನನ್ನ ಲಿವರ್ ಮೇಲೆ ಸೇಡಾ?"

"ನನಗೆ ಒಂದು ಸಲವಾದ್ರೂ ಹೇಳಿದೀರಾ?"

"ನಿನ್ನ ಮುಂದೆ ನಿನ್ನ ಪದ್ಯ ಹೇಳೋದಾ? ಒಂದು ಪದ ತಪ್ಪಿದ್ರೆ ಮೇಷ್ಟರ ಮುಖ ಮಾಡ್ತೀಯ. ಅವಳಿಗೇನು, ತಪ್ಪಿದ್ರೂ ಗೊತ್ತಾಗಲ್ಲ."

ಸಮಾಧಾನದ ಮಾತೋ, ಬೈದದ್ದೋ. ಇಳಿಯುವಾಗ ನನ್ನ ಚೀಲ ತಾವೇ ಹಿಡಿದುಕೊಂಡರು. ಕೈ ಹಿಡಿಯಲಿಲ್ಲ.

ಜೂನ್ 26

ಅಂಗೈ ಒಡ್ಡಿದೆ. ಇವರು ಬೆರಳಿನಿಂದ ಒಂದೊಂದೇ ಸರಿಸಿ ಎಣಿಸಿದರು. ಎಣಿಸಲಿ.

ಸೆಪ್ಟೆಂಬರ್ 2

ಬಹಳ ದಿನ ಬರೆಯಲಿಲ್ಲ. ಬರೆಯಲು ಮುಖವಿರಲಿಲ್ಲ.

ಎನ್‌ಜೈಮ್ ನಲವತ್ತರ ಒಳಗೆ. ಹಳದಿಯದು ಹಿಡಿತಕ್ಕೆ ಬಂದಿದೆ. ಸ್ಟೀರಾಯ್ಡ್ ಒಂದಕ್ಕೆ ಇಳಿದಿದೆ, ಡಾಕ್ಟರಮ್ಮನ ಕೈಯಿಂದಲೇ. ಇವರ ಕೆನ್ನೆಯ ಮೂಳೆ ವಾಪಸ್. ಮೌನವೂ.

ಮಧ್ಯಾಹ್ನ ನನ್ನ ಫೋನಿಗೆ ವಾರ್ತೆ. "ಅಕ್ಕ, ಅವರಿಗೆ ನನ್ನ ಮೇಲೇನಾದ್ರೂ ಬೇಜಾರಾ? ಏನು ಕೇಳಿದ್ರೂ ಬರೀ ಹೂಂ ಅಂತಾರೆ."

"ಬೇಜಾರಲ್ಲಮ್ಮ. ಹುಷಾರಾಗಿದಾರೆ."

ಫೋನ್ ಇಟ್ಟು ನಕ್ಕೆ. ನಗು ಮುಗಿದಾಗ ಮನೆ ಎಷ್ಟು ಸದ್ದಿಲ್ಲದೆ ಇದೆ ಎಂದು ಕೇಳಿಸಿತು.

ಸೆಪ್ಟೆಂಬರ್ 3, ಸಂಜೆ

ಬಹಳ ವರ್ಷದ ಮೇಲೆ ದೋಣಿಯ ಪದ್ಯ ತೆಗೆದೆ. ಇವರು ಕಣ್ಣು ಮುಚ್ಚಿ ಕುರ್ಚಿಯಲ್ಲಿ. ಗಟ್ಟಿಯಾಗಿ ಓದಿದೆ, ಒಂದೇ ಉಸಿರಿನಲ್ಲಿ, ಮೂರನೇ ಸಾಲು ದಾಟಿ ನಾಲ್ಕಕ್ಕೆ ಹೋದೆ.

"ನಿಲ್ಲಲಿಲ್ಲ ನೀನು" ಅಂದರು. ಕಣ್ಣು ತೆರೆಯದೆ.

"ಏನು?"

"ಮೂರನೇ ಸಾಲಿನಲ್ಲಿ. ನಡುವೆ ನಿಲ್ತಿದ್ದೆ. ಅದೇ ಚೆನ್ನಾಗಿತ್ತು."

ಎದೆ ತುಂಬಿ ಬಂತು. ಯಾವ ಮಾತ್ರೆಯೂ ಅಲ್ಲ, ಇವರೇ ಆಡಿದ ಮಾತು. ಪದ್ಯ ಮತ್ತೆ ಮೊದಲಿನಿಂದ ಓದತೊಡಗಿದೆ. ಮೂರನೇ ಸಾಲು, ನಡುವೆ ನಿಂತೆ... ನಿಂತಲ್ಲೇ ಹೊಳೆಯಿತು. ಆ ಉಸಿರು ಚೆನ್ನಾಗಿತ್ತು ಅಂತ ಇವರು ವಾರ್ತೆಗೂ ಹೇಳಿರಬೇಕು.