ಬುಧವಾರ ಬನ್ನಿ

ತಂಗಿ,

ನೀನು ನನ್ನನ್ನೇ ಕೇಳಿದ್ದು ಒಳ್ಳೇದಾಯ್ತು. ಈ ಪಾರ್ಕಿನ ಮೂಲೆಮೂಲೆಯೂ ನನಗೆ ಗೊತ್ತು. ಭಾನುವಾರ ಬರಲೇಬೇಡಿ, ಕ್ಯೂನಲ್ಲೇ ದಿನ ಕಳೆದುಹೋಗುತ್ತೆ. ಬುಧವಾರ ಬನ್ನಿ. ಗೇಟು ದಾಟಿದ ತಕ್ಷಣ ಎಲ್ಲರೂ ಜೈಂಟ್ ವೀಲ್‌ಗೆ ನುಗ್ತಾರೆ; ನೀವು ಸೀದಾ ಹಿಂದುಗಡೆ ಇರೋ ಪುಟಾಣಿ ರೈಲಿಗೆ ಹೋಗಿ. ನೀರಾಟ ಊಟಕ್ಕೆ ಮುಂಚೆ ಮುಗಿಸಿ, ಪುಟ್ಟಿಗೆ ಒಂದು ಜೊತೆ ಒಣಬಟ್ಟೆ ಇರಲಿ. ನಿನ್ನ ಯಜಮಾನ್ರನ್ನ ಮಾತ್ರ ಗಿರಗಿರ ತಿರುಗೋ ಯಾವುದಕ್ಕೂ ಹತ್ತಿಸಬೇಡ. ತಲೆ ಸುತ್ತಿದ್ರೂ ಒಪ್ಪಿಕೊಳ್ಳೋ ಆಸಾಮಿ ಅಲ್ಲ. ನಿನಗಿಂತ ಮೊದಲು ಅವರ ಜೊತೆ ಸಂಸಾರ ಮಾಡಿದವಳು ಹೇಳ್ತಿದ್ದೀನಿ, ನಂಬು.

ಹೆತ್ತವಳು ನಾನು ಅಂತ ಪುಟ್ಟಿಗೆ ಈಗಲೇ ಗೊತ್ತಾಗೋದು ಬೇಡ ಅಂದಿದ್ದಾರಲ್ಲ, ಆ ಮಾತು ನಾನು ಮೀರಲ್ಲ. ಇಲ್ಲಿ ನನ್ನ ಕೆಲಸ ಕರಡಿ ವೇಷ ಹಾಕಿ ಮಕ್ಕಳನ್ನ ಆಡಿಸೋದು. ಅವಳಿಗೆ ಕರಡಿ ಕಂಡ್ರೆ ಭಯ ಅಂತ ನೀನೇ ಬರೆದಿದ್ದೆ. ಅದಕ್ಕೇ ಬುಧವಾರದ ಮಟ್ಟಿಗೆ ಜೊತೆಯವಳ ಹತ್ರ ಮೊಲದ ವೇಷ ಇಸ್ಕೊಂಡಿದ್ದೀನಿ. ವೇಷ ಹಾಕಿದೋರು ಇಲ್ಲಿ ಮಾತಾಡೋ ಹಾಗಿಲ್ಲ, ಹಾಗಾಗಿ ಹೆದರಬೇಡ.

ಮೊಲ ಅವಳನ್ನ ಎತ್ಕೊಂಡಾಗ ಫೋಟೋ ತೆಗೆಯೋಕೆ ಅವಸರ ಮಾಡಬೇಡ, ಆಯ್ತಾ?

ನಿನ್ನ ಅಕ್ಕ